ಮೇಲ್ ವಾಪಸ್ ಬರಲಿಲ್ಲ ಅಂದ್ರೆ ತಲುಪಿತು ಅಂತಲ್ಲ

ಮಧುವನಹಳ್ಳಿಯಲ್ಲಿ ಕೂತು ಕೊಳ್ಳೇಗಾಲದ ರೇಷ್ಮೆ ಸೀರೆ ಮಾರಲು ಬೆಂಗಳೂರಿನ ಅಂಗಡಿಗಳಿಗೆ ಇಮೇಲ್ ಕಳಿಸುವ ಹುಡುಗರೇ, ದುಡ್ಡು ಕೊಟ್ಟು ವಿಳಾಸದ ಪಟ್ಟಿ ಕೊಳ್ಳಬೇಡಿ ಅಂತೀವಿ ನಾವು. ಅದರಲ್ಲಿ ‘ಕ್ಯಾಚ್-ಆಲ್’ ಅಂತ ಇರುವುದನ್ನು ನೋಡಿ. ಅಂಥ ಡೊಮೈನ್‌ನಲ್ಲಿ ಯಾವ ಹೆಸರಿಗೆ ಬರೆದರೂ ಸರ್ವರ್ ತೆಗೆದುಕೊಳ್ಳುತ್ತೆ. ಇಲ್ಲದ ರಂಗಪ್ಪನಿಗೆ ಬರೆದರೂ ಸರಿಯೇ! ಓದುವವರಿದ್ದಾರೋ ಇಲ್ಲವೋ, ವಿಳಾಸ ತಪಾಸಣೆ ಮಾಡುವ ಆ್ಯಪ್‌ಗೂ ಖಚಿತವಾಗಿ ಹೇಳಲಾಗದು.

ಹಾಗಂತ ಎಲ್ಲವೂ ದಂಡವಲ್ಲ. ಗಿರಾಕಿ ಕಾಗುಣಿತ ತಪ್ಪಿದರೂ ಪತ್ರ ಸಿಗಲಿ ಅಂತ ಕ್ಯಾಚ್-ಆಲ್ ಇಡುವವರೂ ಉಂಟು. ಆದರೆ ಸಾವಿರಗಟ್ಟಲೆ ಬಿಟ್ಟರೆ ‘ಸ್ಪ್ಯಾಮ್’ ಅಂತ ದೂರು ಬೀಳುತ್ತೆ. ದಿನಕ್ಕೆ 5000 ದಾಟಿ ಕಳಿಸುವವರ ಮೇಲೆ ದೂರು ಶೇ 0.3 ಮುಟ್ಟಬಾರದು ಅಂತ ಜಿಮೇಲ್ 2024ರಲ್ಲೇ ನಿಯಮ ಮಾಡಿದೆ. ಹೆಸರು ಕೆಟ್ಟರೆ, ನಾಳೆ ನಿಜವಾದ ಗಿರಾಕಿಗೆ ಕಳಿಸಿದ ಬಿಲ್ಲೂ ಸ್ಪ್ಯಾಮ್‌ಗೇ ಹೋದೀತು.

ಅಂಗಡಿಗೆ ಫೋನ್ ಮಾಡಿ, ಖರೀದಿ ನೋಡುವವರು ಯಾರು ಅಂತ ಕೇಳಿ, ಅವರಿಗೇ ಬರೆಯಿರಿ. ದಿನಕ್ಕೆ ಹತ್ತು ಸಾಕು.