ಸಮ್ಮರ್ ಕೋರ್ಸಿಗೆ ಸೇರೋ ಮುಂಚೆ ಮೂರು ಪ್ರಶ್ನೆ

ನಾಲ್ಕನೇ ಸೆಮ್‌ನ ಇಂಟರ್ನಲ್ಸ್ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಕ್ಲಾಸ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ಒಂದು ವಿಶ್ವವಿದ್ಯಾಲಯ ಈ ರಜೆಯಲ್ಲಿ ಡಿಜಿಟಲ್ ಮೂಲಸೌಕರ್ಯದ ಬಗ್ಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತಂತೆ. ಫೀಸು 12,000 ರೂಪಾಯಿ. ಪೋಸ್ಟರಿನ ಅರ್ಧ ಜಾಗದಲ್ಲಿ ಸರ್ಟಿಫಿಕೇಟಿನ ಫೋಟೋನೇ ಇತ್ತು. ಏನು ಕಲಿಸ್ತಾರೆ ಅನ್ನೋದು ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು.

ಅವತ್ತು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ ಇದನ್ನೇ ಚರ್ಚೆ ಮಾಡಿದ್ವಿ. ಒಬ್ಬ 'ರೆಸ್ಯೂಮೆಗೆ ಒಂದು ಸಾಲು ಸಿಗುತ್ತೆ, ಸೇರಿಬಿಡೋಣ' ಅಂದ. ಇನ್ನೊಬ್ಬ 'ಅಪ್ಪನ ಹತ್ರ ಅಷ್ಟು ದುಡ್ಡು ಕೇಳೋಕೆ ಬಾಯಿ ಬರಲ್ಲ' ಅಂದ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಪ್ಲೇಸ್‌ಮೆಂಟ್ ಸಮಯದಲ್ಲಿ ಮಾರ್ಕ್ಸ್ ಬಿಟ್ಟು ಬೇರೆ ಏನು ಮಾಡಿದ್ದೀರಿ ಅಂತ ಕೇಳ್ತಾರೆ ಅಂತ ಸೀನಿಯರ್ಸ್ ಹೇಳ್ತಾನೇ ಇರ್ತಾರೆ.

ನಮ್ಮ ಅಭಿಪ್ರಾಯ ಇಷ್ಟು: ಈ ವಿಷಯವನ್ನ ನಾವು ಕಲೀಲೇಬೇಕು. ಆದ್ರೆ ಸರ್ಟಿಫಿಕೇಟ್ ನೋಡಿ ಕೋರ್ಸ್ ಆರಿಸಬಾರದು. ವ್ಯವಸ್ಥೆ ಕೈಕೊಟ್ಟಾಗ ಎಲ್ಲಿ ಕೈಕೊಟ್ಟಿತು, ಸಾಲಿನಲ್ಲಿ ನಿಂತವರು ಆಗ ಏನು ಮಾಡಬೇಕು ಅನ್ನೋದನ್ನ ಹೇಳಿಕೊಡದ ಕೋರ್ಸು ಎಷ್ಟೇ ದೊಡ್ಡ ಹೆಸರಿನದ್ದಾದರೂ ಬೇಡ.

ಹೀಗೆ ಹೇಳೋಕೆ ಕಾರಣ ಇದೆ. ಹೋದ ರಜೆಯಲ್ಲಿ ನಮ್ಮಲ್ಲೊಬ್ಬ ಮಂಡ್ಯ ಕಡೆಯ ತನ್ನ ಊರಿಗೆ ಹೋಗಿದ್ದ. ಅಜ್ಜಿ ಜೊತೆ ರೇಷನ್ ತರೋಕೆ ನ್ಯಾಯಬೆಲೆ ಅಂಗಡಿಗೆ ಹೋದ. ಅಜ್ಜಿ ಮಷೀನಿನ ಮೇಲೆ ಬೆರಳಿಟ್ಟರು, ಆಗಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಇಟ್ಟರು, ಆಗಲಿಲ್ಲ. ಮೂರನೇ ಸಲಾನೂ ಇಲ್ಲ. 'ಸರ್ವರ್ ಇಲ್ಲ ಕಣಜ್ಜಿ, ನಾಳೆ ಬಾ' ಅಂದ್ರು ಅಂಗಡಿಯವರು. ಪರದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದಿತ್ತು. 'ಅದೇನ್ ಬರ್ದದೆ ಓದ್ಲಾ, ಇಂಜಿನಿಯರಿಂಗ್ ಓದ್ತಿದ್ದೀಯಲ್ಲ' ಅಂತ ಅಜ್ಜಿ ಕೇಳಿದ್ರು. 'ಬೆರಳು ಹೊಂದ್ತಿಲ್ಲ ಅಂತ ಬರ್ದದೆ ಅಜ್ಜಿ' ಅಂದ. 'ನನ್ ಬೆರಳು ನನ್ಗೇ ಹೊಂದ್ತಿಲ್ವಾ?' ಅಂದ್ರು ಅಜ್ಜಿ.

ಅವನ ಹತ್ರ ಉತ್ತರ ಇರಲಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಮಗೆ ಆ ಸಾಲು ಓದೋಕೆ ಬರುತ್ತೆ, ಕನ್ನಡದಲ್ಲಿ ಬಿಡಿಸಿ ಹೇಳೋಕೆ ಬರಲ್ಲ. ಇನ್ನೊಂದು ವಿಷಯ ನೋಡಿ. ಅಂಗಡಿಯವರು ಸರ್ವರ್ ಅಂದ್ರು, ಪರದೆ ಬೆರಳು ಅಂತು. ಎರಡೂ ಬೇರೆ ಬೇರೆ ತೊಂದರೆ. ಯಾವುದು ನಿಜ ಅಂತ ಕೇಳೋ ಅಷ್ಟು ತಿಳಿವಳಿಕೆನೂ ಅವನಿಗೆ ಆಗ ಇರಲಿಲ್ಲ. ಅಜ್ಜಿ ಮಾರನೇ ದಿನ ಮತ್ತೆ ನಡ್ಕೊಂಡು ಹೋದ್ರು.

ಆಮೇಲೆ ಓದಿ ತಿಳ್ಕೊಂಡ್ವಿ. ಬೆರಳಿನ ಅಚ್ಚು ಅಂಗಡಿ ಮಷೀನಿನಿಂದ ಹೊರಟು, ಸಿಮ್ಮಿನ ನೆಟ್‌ವರ್ಕ್ ದಾಟಿ, ಇಲಾಖೆಯ ಸರ್ವರ್ ಮೂಲಕ ಆಧಾರ್ ಪ್ರಾಧಿಕಾರದ ಡೇಟಾ ಸೆಂಟರ್ ತಲುಪುತ್ತೆ. ಆ ಡೇಟಾ ಸೆಂಟರ್‌ಗಳಿರೋದು ನಮ್ಮ ಬೆಂಗಳೂರಿನಲ್ಲಿ ಮತ್ತು ಹರಿಯಾಣದ ಮಾನೇಸರ್‌ನಲ್ಲಿ. ಅಲ್ಲಿ ಹೋಲಿಸಿ ನೋಡಿ, ಹೌದು ಅಥವಾ ಅಲ್ಲ ಅಂತ ಉತ್ತರ ವಾಪಸ್ ಬರುತ್ತೆ. ನಡುವೆ ನೆಟ್‌ವರ್ಕ್ ಹೋಗಿದ್ರೆ 'ನಾಳೆ ಬಾ' ಅನ್ನೋದಕ್ಕೆ ಅರ್ಥ ಇದೆ. ಆದ್ರೆ ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳು ನಾಳೆನೂ ಸವೆದೇ ಇರುತ್ತೆ. ಅದಕ್ಕೆ ಬೇರೆ ದಾರಿ ಬೇಕು: ಬೇರೆ ಬೆರಳು, ಕಣ್ಣಿನ ಸ್ಕ್ಯಾನ್, ಮೊಬೈಲಿಗೆ ಓಟಿಪಿ, ಇಲ್ಲಾಂದ್ರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್. ಇದು ಆರು ವಾರದ ಕೋರ್ಸಿನ ಒಂದು ದಿನದ ಪಾಠ. ಈ ಪಾಠ ಇರೋ ಕೋರ್ಸನ್ನ ಹುಡುಕೋದು ಹೇಗೆ? ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳೋಣ.

ಮೊದಲನೇ ಪ್ರಶ್ನೆ: ಕೈಕೊಟ್ಟಾಗ ಏನಾಗುತ್ತೆ ಅಂತ ಕಲಿಸ್ತೀರಾ? ಯುಪಿಐ 2016ರ ಏಪ್ರಿಲ್‌ನಲ್ಲಿ ಶುರುವಾಯ್ತು, ಅದನ್ನ ನಡೆಸೋದು ಎನ್‌ಪಿಸಿಐ, ಇಷ್ಟು ಎಲ್ಲಾ ಸ್ಲೈಡಿನಲ್ಲೂ ಇರುತ್ತೆ. ನಮ್ಮ ಖಾತೆಯಿಂದ ದುಡ್ಡು ಕಟ್ ಆಗಿ ಗೆಳೆಯನ ಖಾತೆಗೆ ಹೋಗದಿದ್ರೆ? ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ವ್ಯವಹಾರದ ಮಾರನೇ ದಿನದೊಳಗೆ ಆ ದುಡ್ಡು ತಾನಾಗೇ ವಾಪಸ್ ಬರಬೇಕು. ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂಗಡಿಗೆ ಕಟ್ಟಿದ ದುಡ್ಡಾದ್ರೆ ಐದು ದಿನದ ಗಡುವು. ದಿನಾ ಕ್ಯಾಂಟೀನಿನಲ್ಲಿ ಸ್ಕ್ಯಾನ್ ಮಾಡೋ ನಮಗೇ ಇದು ಗೊತ್ತಿರಲಿಲ್ಲ. ನಿಯಮ ಕೂಡ ಮೂಲಸೌಕರ್ಯದ ಭಾಗ, ಕೇಬಲ್ಲು ಸರ್ವರ್ ಇದ್ದ ಹಾಗೆ.

ಎರಡನೇ ಪ್ರಶ್ನೆ: ಯಾರಿಗೆ ಲಾಭ ಆಯ್ತು, ಯಾರಿಗೆ ಆಗಲಿಲ್ಲ ಅಂತ ಹೇಳ್ತೀರಾ? ಇದಕ್ಕೆ ದೂರದ ಉದಾಹರಣೆ ಬೇಡ, ನಮ್ಮ 'ಭೂಮಿ' ಯೋಜನೆಯೇ ಇದೆ. ನಾವು ಹುಟ್ಟೋ ಮುಂಚೆ, 2000ದ ಆಸುಪಾಸಿನಲ್ಲಿ, ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿತು. ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ದಾಖಲೆ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರಿಂಟ್ ಆಗಿ ಸಿಗೋ ಹಾಗಾಯ್ತು. ದೇಶವೇ ಮೆಚ್ಚಿದ ಕೆಲಸ ಅದು, ನಮಗೂ ಹೆಮ್ಮೆ. ಆದ್ರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೇರೆ ಮಾತು ಹೇಳಿದ್ರು. ದಾಖಲೆ ಹಳ್ಳಿಯಿಂದ ತಾಲ್ಲೂಕಿಗೆ ಹೋಗಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳೋರಿಗೆ ಅನುಕೂಲ ಆಯ್ತು, ಲಂಚ ಕಮ್ಮಿ ಆಗಲಿಲ್ಲ ಅಂತ ವಾದಿಸಿದ್ರು. ಅವರ ಮಾತು ಪೂರ್ತಿ ಒಪ್ಪಬೇಕು ಅಂತ ನಾವು ಹೇಳ್ತಿಲ್ಲ. ಹೊಗಳಿಕೆ ಜೊತೆ ಇದನ್ನೂ ಓದಿಸೋ ಕೋರ್ಸು ಬೇಕು ಅಂತೀವಿ.

ಮೂರನೇ ಪ್ರಶ್ನೆ: ಕ್ಲಾಸಿನಿಂದ ಹೊರಗೆ ಕರ್ಕೊಂಡು ಹೋಗ್ತೀರಾ? ಡೇಟಾ ಸೆಂಟರ್ ನೋಡೋಕೆ ಬಿಡದೇ ಇರಬಹುದು. ನ್ಯಾಯಬೆಲೆ ಅಂಗಡಿ, ಗ್ರಾಮ ಒನ್ ಕೇಂದ್ರ, ಭಾರತ್‌ನೆಟ್ ಕೇಬಲ್ ಬಂದಿರೋ ಗ್ರಾಮ ಪಂಚಾಯ್ತಿ ಕಚೇರಿ ಎಲ್ಲಾ ತಾಲ್ಲೂಕಿನಲ್ಲೂ ಸಿಗುತ್ತವೆ. ಒಂದು ಬೆಳಗ್ಗೆ ಅಲ್ಲಿ ಕೂತು, ಎಷ್ಟು ಜನ ಬಂದ್ರು, ಎಷ್ಟು ಜನ ಬರಿಗೈಯಲ್ಲಿ ವಾಪಸ್ ಹೋದ್ರು, ಯಾಕೆ ಅಂತ ಬರ್ಕೊಂಡ್ರೆ ಅದೇ ಒಂದು ಒಳ್ಳೇ ಪ್ರಾಜೆಕ್ಟ್.

'ಇದೆಲ್ಲಾ ಸಮಾಜಶಾಸ್ತ್ರ ಓದೋರ ಕೆಲಸ, ನಾವು ಕೋಡ್ ಬರೆಯೋರು' ಅಂತ ನಮ್ಮ ಕ್ಲಾಸಿನಲ್ಲೇ ಒಬ್ಬರು ಅಂದ್ರು. ಅಜ್ಜಿ ನೋಡಿದ ಆ ಇಂಗ್ಲಿಷ್ ಸಾಲನ್ನ ಬರೆದಿದ್ದು ಯಾರು? ನಮ್ಮ ಹಾಗೇ ಇಂಜಿನಿಯರಿಂಗ್ ಓದಿದ ಯಾರೋ ಒಬ್ಬರು. 'ನೆಟ್‌ವರ್ಕ್ ಇಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ', 'ಬೆರಳು ಸರಿಯಾಗಿ ಮೂಡಿಲ್ಲ, ಬೇರೆ ಬೆರಳು ಇಡಿ' ಅಂತ ಎರಡು ಸಾಲು ಕನ್ನಡದಲ್ಲಿ ಬರೆಯೋಕೆ ಹೆಚ್ಚು ಕೋಡ್ ಏನೂ ಬೇಡ. ಮುಂದೆ ನಾವು ಆ ಕುರ್ಚಿಯಲ್ಲಿ ಕೂತಾಗ ಸಾಲಿನಲ್ಲಿ ನಿಂತವರ ನೆನಪು ಬರಬೇಕು, ಅಷ್ಟೇ.

ದುಡ್ಡಿನ ಮಾತನ್ನೂ ಹೇಳಿಬಿಡ್ತೀವಿ. ಮನೆಯಲ್ಲಿ ಕಷ್ಟ ಇದ್ರೆ ಸಾಲ ಮಾಡಿ ಸೇರೋದು ಬೇಡ. ಎನ್‌ಪಿಟಿಇಎಲ್‌ನಲ್ಲಿ ಕಂಪ್ಯೂಟರ್ ನೆಟ್‌ವರ್ಕ್, ಕ್ಲೌಡ್ ಪಾಠಗಳು ಉಚಿತ, ಪರೀಕ್ಷೆ ಬರೆಯೋಕೆ ಮಾತ್ರ 1,000 ರೂಪಾಯಿ. ಅದರ ಜೊತೆ ಊರಿನ ಅಂಗಡಿಯಲ್ಲಿ ನಾಲ್ಕು ಬೆಳಗ್ಗೆ ಕೂತ್ರೆ ಕಲಿಯೋದು ಕಮ್ಮಿ ಆಗಲ್ಲ.

ನಮ್ಮ ಕನ್ನಡ ಸಂಘಕ್ಕೂ ಒಂದು ಕೋರಿಕೆ. ರೇಷನ್ ಮಷೀನು, ಯುಪಿಐ, ಆಧಾರ್ ಓಟಿಪಿಯಲ್ಲಿ ಸಾಮಾನ್ಯವಾಗಿ ಬರೋ ಇಂಗ್ಲಿಷ್ ಸಂದೇಶಗಳು, ಅವುಗಳ ಅರ್ಥ, ಆಗ ಏನು ಮಾಡಬೇಕು, ಇಷ್ಟನ್ನ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಮಾಡೋಣ. ರಜೆಗೆ ಊರಿಗೆ ಹೋಗೋರೆಲ್ಲ ಒಂದೊಂದು ಪ್ರತಿ ತಗೊಂಡು ಹೋಗಿ ಅಂಗಡಿಯವರನ್ನ ಕೇಳಿ ಗೋಡೆಗೆ ಅಂಟಿಸೋಣ. ಅದು ತಪ್ಪಿಲ್ಲದೆ ಬರಬೇಕಾದ್ರೆ ನಾವು ಮೊದಲು ಸರಿಯಾಗಿ ಕಲೀಬೇಕು.

ಆ ಮೂರೂ ಪ್ರಶ್ನೆಗಳನ್ನ ಕೋರ್ಸಿನವರಿಗೆ ಮೇಲ್ ಮಾಡಿದ್ದೀವಿ. ಉತ್ತರ ಚೆನ್ನಾಗಿ ಬಂದ್ರೆ ನಮ್ಮಲ್ಲಿ ಇಬ್ಬರು ಸೇರ್ತಾರೆ, ಇನ್ನಿಬ್ಬರು ಅವರ ನೋಟ್ಸ್ ಓದ್ತೀವಿ. ಬರದಿದ್ರೆ ನಾಲ್ಕು ಜನಾನೂ ಮಂಡ್ಯದ ಬಸ್ಸು ಹತ್ತಿ ಆ ಅಂಗಡಿ ಮುಂದೆ ಕೂತ್ಕೋತೀವಿ. ಅಜ್ಜಿ ಊಟ ಹಾಕ್ತೀನಿ ಅಂದಿದ್ದಾರೆ.