ರುಚಿ ಅವರಿಗೆ, ನೊರೆ ನಮಗೆ

ಬೆಂಗಳೂರಿನಲ್ಲಿ ಈಚೆಗೆ ಹೊಸದೊಂದು ತೀರ್ಥಯಾತ್ರೆ ಹುಟ್ಟಿಕೊಂಡಿದೆ. ಹಿಂದಿನವರು ತಿರುಪತಿಗೆ ಹೊರಟು, ದಾರಿಯಲ್ಲಿ ಕುರುಡುಮಲೆಯ ಗಣಪತಿಗೆ ಕೈಮುಗಿದು ಮುಂದೆ ಸಾಗುತ್ತಿದ್ದರು. ಈಗಿನವರು ಭಾನುವಾರ ಬೆಳಿಗ್ಗೆ ಎದ್ದು ಹೋಟೆಲಿನಿಂದ ಹೋಟೆಲಿಗೆ ಸಾಗುತ್ತಾರೆ. ಗಾಂಧಿ ಬಜಾರಿನಲ್ಲಿ ದೋಸೆ, ಅಯ್ಯಂಗಾರ್ ಬೇಕರಿಯಲ್ಲಿ ಖಾರದ ಬನ್ನು, ಫ್ರೇಜರ್ ಟೌನಿನಲ್ಲಿ ಕಬಾಬು, ಕೊನೆಗೆ ಕೋರಮಂಗಲದಲ್ಲಿ ಅಲ್ಲಿಯೇ ತಯಾರಿಸಿ ಅಲ್ಲಿಯೇ ಬಡಿಸುವ ಬಿಯರು. ಇಷ್ಟನ್ನು ಒಂದೇ ದಿನದಲ್ಲಿ ಮುಗಿಸಿದವರಿಗೆ ತಾವು ನಗರವನ್ನು ಶೋಧಿಸಿದೆವೆಂಬ ಹೆಮ್ಮೆ.

ತಿನ್ನುವವರನ್ನು ಕಂಡು ನನಗೆ ಹೊಟ್ಟೆಯುರಿಯಿಲ್ಲ. ಒಳ್ಳೆಯ ದೋಸೆಗಾಗಿ ಅರ್ಧ ಗಂಟೆ ಬಾಗಿಲಲ್ಲಿ ಕಾಯುವುದು ನಾಗರಿಕತೆಯ ಲಕ್ಷಣವೆಂದೇ ನಾನೂ ನಂಬಿದ್ದೇನೆ. ನನ್ನ ತಕರಾರಿರುವುದು ಈ ಯಾತ್ರಿಕರು ಕೊನೆಯಲ್ಲಿ ನುಡಿಯುವ ಫಲಶ್ರುತಿಯ ಬಗ್ಗೆ: “ನಮ್ಮ ಬೆಂಗಳೂರಿನಲ್ಲಿ ಇಲ್ಲದ್ದೇನಿದೆ? ಮುಳಬಾಗಿಲು ದೋಸೆ ಕೂಡ ಮುಳಬಾಗಿಲಿಗೆ ಹೋಗದೆಯೇ ಸಿಗುತ್ತದೆ!”

ಕೋಲಾರ ಜಿಲ್ಲೆಯವನಾದ ನಾನು ಈ ಮಾತನ್ನು ಸುಮ್ಮನೆ ನುಂಗಲಾರೆ. ಮೊದಲು ದೋಸೆಯ ವಿಚಾರವನ್ನೇ ಮುಗಿಸಿಬಿಡೋಣ. ಮುಳಬಾಗಿಲು ದೋಸೆ ಕಾಗದದಂತೆ ತೆಳ್ಳಗಿರುವುದಿಲ್ಲ. ಅಂಗೈಗಿಂತ ತುಸು ದೊಡ್ಡದು, ದಪ್ಪನೆಯದು. ತುಪ್ಪದಲ್ಲಿ ಬೆಂದು ಹೊರಗೆ ಕೆಂಪಗೆ ಗರಿಯಾಗಿ, ಒಳಗೆ ಹೂವಿನಂತೆ ಮೆತ್ತಗಿರಬೇಕು. ಅದಕ್ಕೆ ಅವಸರ ಆಗದು. ಕಾವಲಿ ಹದವಾದ ಉರಿಯಲ್ಲಿರಬೇಕು, ಗಿರಾಕಿಗೆ ತಾಳ್ಮೆಯಿರಬೇಕು. ಕಳೆದ ವರ್ಷ ಬೆಂಗಳೂರಿನ ಒಂದು ಹೋಟೆಲಿನಲ್ಲಿ (ಹೆಸರು ಬೇಡ, ಬೋರ್ಡು ಮಾತ್ರ ಬಹಳ ದೊಡ್ಡದಿತ್ತು) ಆ ಹೆಸರಿನಲ್ಲಿ ನನಗೆ ಕೊಟ್ಟದ್ದು ಎರಡು ನಿಮಿಷದಲ್ಲಿ ಬಂದ ಒಂದು ಹಳದಿ ಹಪ್ಪಳ. ಕೇಳಿದರೆ, “ಇದೇ ಸರ್ ಮುಳಬಾಗಿಲು ಸ್ಟೈಲು” ಎಂದರು. ಮುಳಬಾಗಿಲೆಂದರೆ ಮೂಡಲ ಬಾಗಿಲು. ಆ ಬಾಗಿಲನ್ನು ದಾಟಿಯೇ ನೋಡದವರಿಗೆ ಸ್ಟೈಲು ಎಲ್ಲಿಂದ ಬರಬೇಕು?

ಇದಕ್ಕೆ ನಗರದವರ ಉತ್ತರವೊಂದು ಸಿದ್ಧವಾಗಿದೆ. ಬೆಂಗಳೂರಿನ ತಿಂಡಿಯೆಲ್ಲ ಹೊರಗಿನದೇ ಅಲ್ಲವೆ, ಕೋಲಾರಕ್ಕೆ ಮಾತ್ರ ಏಕೆ ಈ ಗೊಣಗಾಟ ಎನ್ನುತ್ತಾರೆ. ಹೊರಗಿನದೇ ಸರಿ. ಆದರೆ ಹೇಗೆ ಬಂತು ನೋಡಿ. 1898ರಲ್ಲಿ ಚಿಕ್ಕಪೇಟೆಯ ಕಡೆ ಅಯ್ಯಂಗಾರ್ ಬೇಕರಿ ತೆರೆದವರು ಹಾಸನದ ಕಡೆಯವರು. ತಾವೇ ಬಂದರು, ತಾವೇ ಒಲೆ ಹಚ್ಚಿದರು. 1924ರಲ್ಲಿ ಎಂ.ಟಿ.ಆರ್. ಆರಂಭಿಸಿದ ಮಯ್ಯ ಸಹೋದರರು ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದವರು. ರುಚಿಯೊಡನೆ ಮನುಷ್ಯನೂ ಬಂದ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನೂ ಅವನೇ. ಕೋಲಾರದಿಂದ ಬಂದದ್ದರಲ್ಲಿ ಹೆಚ್ಚಿನ ಪಾಲು ಹೆಸರು ಮತ್ತು ಸಾಮಾನು. ಮುಳಬಾಗಿಲಿನವರೇ ಕೆಲವರು ನಗರದಲ್ಲಿ ಕಾವಲಿ ಇಟ್ಟು ಬದುಕು ಕಟ್ಟಿಕೊಂಡಿದ್ದಾರೆ, ಅವರಿಗೆ ಜಯವಾಗಲಿ. ಆದರೆ ಅಷ್ಟರಿಂದ ಜಿಲ್ಲೆಯ ಲೆಕ್ಕ ಚುಕ್ತಾ ಆಗುವುದಿಲ್ಲ.

ಸಾಮಾನಿನ ಮಾತಿಗೆ ಬಂದರೆ, ನಗರದ ಎಲೆಯ ಮೇಲೆ ನಮ್ಮ ಜಿಲ್ಲೆ ಎಲ್ಲಿಲ್ಲ? ಸಾರಿನ ಟೊಮೆಟೊ ಕೋಲಾರದ ಮಂಡಿಯದು. ಸೊಪ್ಪು ತರಕಾರಿ ಮಾಲೂರಿನ ಕಡೆಯದು. ಆ ಹೋಟೆಲಿನ ಗೋಡೆಗೆ ಇಟ್ಟಿಗೆಯನ್ನೂ ಹಳೆಯ ಮಾಡಿಗೆ ಹೆಂಚನ್ನೂ ಕೊಟ್ಟದ್ದು ಮಾಲೂರೇ ಇದ್ದೀತು. ಹಾಲು, ರೇಷ್ಮೆ, ಒಂದು ಕಾಲಕ್ಕೆ ಚಿನ್ನ, ಎಲ್ಲವೂ ನಮ್ಮಿಂದ ಹೋದದ್ದೇ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. (ಸಾಹಿತ್ಯದ ಪುಟದಲ್ಲಿ ಇನ್ನೊಂದು ಸಾಮಾನನ್ನೂ ಹೇಳಿಬಿಡಬೇಕು: ಮುಳಬಾಗಿಲು ಡಿ.ವಿ.ಜಿ.ಯವರನ್ನು ಕೊಟ್ಟಿತು, ಮಾಲೂರು ತಾಲ್ಲೂಕು ಮಾಸ್ತಿಯವರನ್ನು ಕೊಟ್ಟಿತು. ಇಬ್ಬರೂ ಬೆಂಗಳೂರಿನವರಾದರು. ಅದಕ್ಕೂ ನಾವು ರಸೀತಿ ಕೇಳಲಿಲ್ಲ.)

2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ನಗರವೆಲ್ಲ ಬೊಬ್ಬೆಯಿಟ್ಟಿತು. ತಿಳಿಸಾರು ಮಾಡುವುದು ಹೇಗೆಂದು ಪತ್ರಿಕೆಗಳು ಪಾಠ ಹೇಳಿದವು. ಅದೇ ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದೆ ರಸ್ತೆಯ ಪಕ್ಕ ಕೊಳೆಯುವ ವರ್ಷಗಳಲ್ಲಿ ಈ ಬೊಬ್ಬೆ ಎಲ್ಲಿರುತ್ತದೆ?

ಮಾವಿನ ಕಥೆ ಇದಕ್ಕಿಂತ ಕಹಿ. ಬೇಸಗೆ ಬಂದರೆ ನಗರದ ಮದ್ಯಶಾಲೆಗಳಲ್ಲಿ ಮಾವಿನ ರುಚಿಯ ಬಿಯರು, ಬೇಕರಿಗಳಲ್ಲಿ ಮಾವಿನ ಕೇಕು. ನಮ್ಮ ಶ್ರೀನಿವಾಸಪುರ ಮಾವಿನ ತಾಲ್ಲೂಕು. ಅಲ್ಲಿ ಹೇರಳವಾಗಿ ಬೆಳೆಯುವುದು ತೋತಾಪುರಿ, ಅಂದರೆ ಗಿಣಿಮೂತಿ. ಕೈಯಲ್ಲಿ ಹಿಡಿದು ತಿನ್ನುವುದಕ್ಕಿಂತ ರಸದ ಕಾರ್ಖಾನೆಗೆ ಹೋಗುವುದೇ ಹೆಚ್ಚು. ಆ ಕಾರ್ಖಾನೆಗಳಲ್ಲಿ ಬಹುಪಾಲು ಇರುವುದು ಗಡಿಯಾಚೆ, ಚಿತ್ತೂರಿನ ಕಡೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಅಪ್ಪಣೆ ಮಾಡಿತು. ಹಣ್ಣು ಮರದಲ್ಲಿ, ಲಾರಿ ಗಡಿಯಲ್ಲಿ, ರೈತ ಬೀದಿಯಲ್ಲಿ. ಶ್ರೀನಿವಾಸಪುರ ಬಂದ್ ಆಯಿತು. ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶದ ಬೆಲೆಯೆಂದು ಗೊತ್ತುಮಾಡಿದ್ದು ಕ್ವಿಂಟಾಲಿಗೆ 1,616 ರೂಪಾಯಿ. ಕಿಲೋಗೆ ಹದಿನಾರು ರೂಪಾಯಿ ಚಿಲ್ಲರೆ! ಎಪ್ಪತ್ತು ಎಂಬತ್ತು ಮೈಲಿಯೊಳಗೆ ಇಷ್ಟು ದೊಡ್ಡ ನಾಲಗೆಯಿರುವ ನಗರವಿದ್ದೂ, ಆ ಹಣ್ಣಿಗೆ ಬೇರೆ ರಾಜ್ಯದ ಗಡಿಯಲ್ಲಿ ಕೈಯೊಡ್ಡಿ ನಿಲ್ಲುವ ಗತಿ ಏಕೆ ಬಂತೆಂದು ಈ ರುಚಿಶೋಧಕರಲ್ಲಿ ಒಬ್ಬರಾದರೂ ಕೇಳಿದರೆ?

ಇಷ್ಟೂ ನಾವು ಕೊಡುವ ಲೆಕ್ಕವಾಯಿತು. ನಗರ ನಮಗೆ ಏನು ಕೊಡುತ್ತದೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕೊಡುತ್ತದೆ, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ಕೊಡುವ ಯೋಜನೆಯೇ ಇದೆ. ಅದಕ್ಕೆ ಕೆ.ಸಿ. ವ್ಯಾಲಿ ಯೋಜನೆಯೆಂದು ಹೆಸರು. ಕೆ ಎಂದರೆ ಕೋರಮಂಗಲ, ಸಿ ಎಂದರೆ ಚಲ್ಲಘಟ್ಟ. ಅಲ್ಲಿಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬುವುದು. ಮೊದಲ ಹಂತದಲ್ಲಿ 126 ಕೆರೆಗಳು. ಓದುಗರು ಗಮನಿಸಬೇಕು: ಯಾತ್ರೆಯ ಕೊನೆಯ ಬಿಯರು ಕುಡಿದದ್ದು ಯಾವ ಬಡಾವಣೆಯಲ್ಲಿ? ಒಂದು ಲೀಟರ್ ಬಿಯರಿಗೆ ನಾಲ್ಕೈದು ಲೀಟರ್ ನೀರು ಬೇಕು. ಮಿಕ್ಕದ್ದು, ತೊಳೆದದ್ದು, ಕುಡಿದವರು ಬಿಟ್ಟದ್ದು ಎಲ್ಲವೂ ಮೋರಿ ಸೇರುತ್ತದೆ. ಮೋರಿಯಿಂದ ಶುದ್ಧೀಕರಣ ಘಟಕಕ್ಕೆ, ಘಟಕದಿಂದ ಕೊಳವೆಯಲ್ಲಿ ನಮ್ಮ ಲಕ್ಷ್ಮೀಸಾಗರದ ಕೆರೆಗೆ. 2018ರ ಜೂನ್‌ನಲ್ಲಿ ಆ ನೀರು ಬಂದಾಗ ಜನ ಸಂತೋಷಪಟ್ಟರು. ಮರು ತಿಂಗಳೇ ಕೆರೆಯ ಮೇಲೆ ನೊರೆ ಎದ್ದಿತು. ಬಿಯರಿನ ಮೇಲೆ ಚೆನ್ನಾಗಿ ಕಾಣುವುದು ಕೆರೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ. ಹೈಕೋರ್ಟು ತಡೆಯಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆಯಿತು, ಆಮೇಲೆ ತಡೆ ತೆರವಾಗಿ ನೀರು ಮತ್ತೆ ಹರಿಯಿತು.

ನೀರೇ ಬೇಡವೆಂದು ನಾನು ಹೇಳುತ್ತಿಲ್ಲ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಊರಿನವನಿಗೆ ಆ ಧಿಮಾಕು ಶೋಭಿಸದು. ಬತ್ತಿದ ಕೆರೆಗಳು ತುಂಬಿವೆ, ಸುತ್ತಲ ಕೊಳವೆ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಇದನ್ನು ಅಲ್ಲಗಳೆಯುವವರು ನಮ್ಮ ರೈತರನ್ನು ಮಾತಾಡಿಸಿಲ್ಲ. ಆದರೆ ಕೆರೆಗೆ ಇಳಿದ ನೀರು ಕೆರೆಯಲ್ಲೇ ನಿಲ್ಲುವುದಿಲ್ಲ. ನೆಲಕ್ಕೆ ಇಂಗುತ್ತದೆ, ಬಾವಿಗೆ ಬರುತ್ತದೆ, ಅದೇ ಬಾವಿಯ ನೀರನ್ನು ಟೊಮೆಟೊ ಕುಡಿಯುತ್ತದೆ, ಮನುಷ್ಯರೂ ಕುಡಿಯುತ್ತಾರೆ. ಆದ್ದರಿಂದಲೇ ಮೂರನೆಯ ಹಂತದ ಶುದ್ಧೀಕರಣವಾಗಬೇಕೆಂದು ಜಿಲ್ಲೆಯ ಜನ ಅಂದಿನಿಂದಲೂ ಕೇಳುತ್ತಿದ್ದಾರೆ. ತಾನು ಬಾಟಲಿಯ ನೀರಿಗೆ ಬೇರೆ ಬಿಲ್ಲು ಕೊಡುವ ನಗರ, ನೆರೆಯ ಜಿಲ್ಲೆಗೆ ಮಾತ್ರ ಎರಡನೆಯ ದರ್ಜೆ ಸಾಕೆನ್ನುವುದು ಯಾವ ನ್ಯಾಯ?

ದುಡ್ಡೆಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಹೋಟೆಲಿನ ಬಿಲ್ಲಿನ ಕೆಳಗೆ ಜಿ.ಎಸ್.ಟಿ. ಎಂದು ನೂರಕ್ಕೆ ಐದು ರೂಪಾಯಿ ಬರೆದಿರುತ್ತದೆ. ಯಾತ್ರಿಕರು ಅದನ್ನು ನೋಡದೆಯೇ ಕೊಟ್ಟು ಏಳುತ್ತಾರೆ. ಬಿಯರಿನ ಮೇಲೆ ಸರ್ಕಾರ ಎತ್ತುವ ಸುಂಕವಂತೂ ಬೇರೆಯೇ ಇದೆ. ಆ ಸುಂಕದಲ್ಲಿ ರೂಪಾಯಿಗೆ ಒಂದು ಪೈಸೆಯನ್ನು ಕೋಲಾರದ ನೀರಿಗೆಂದು ಎತ್ತಿಡಲಿ. ಲೆಕ್ಕವನ್ನು ವರ್ಷಕ್ಕೊಮ್ಮೆ ನರಸಾಪುರದ ಕೆರೆ ಏರಿಯ ಮೇಲೆ ನಿಂತು ಓದಲಿ, ಬೆಂಗಳೂರಿನ ಕಚೇರಿಯಲ್ಲಿ ಬೇಡ. ಓದಲು ಬರುವ ಅಧಿಕಾರಿಗಳಿಗೆ ಉಪಾಹಾರದ ಏರ್ಪಾಡನ್ನು ನಾವೇ ಮಾಡುತ್ತೇವೆ: ರಾಗಿ ಮುದ್ದೆ, ಮಸೊಪ್ಪು, ಕಾಲವಿದ್ದರೆ ಹಿತಿಕಿದ ಅವರೆಬೇಳೆಯ ಸಾರು. ಕುಡಿಯುವ ನೀರನ್ನೂ ಅಲ್ಲಿಯ ಬಾವಿಯಿಂದಲೇ ಸೇದಿ ಕೊಡುತ್ತೇವೆ.