ಗೋಹರಬಾಯಿಯ ತಪ್ಪೇನು?

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಗ್ಯಾದರಿಂಗ್‌ನಲ್ಲಿ ಕೇಳಿದ ಒಂದು ಮಾತು ಇನ್ನೂ ನಮ್ಮ ತಲೆಯಿಂದ ಹೋಗಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮರಾಠಿ ನಾಟ್ಯಗೀತೆ ಹಾಡಿದಳು. ಅವಳದು ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ಉಮರಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮಕ್ಕಳೆಲ್ಲ ಹೀಗೆಯೇ ಬೆಳೆಯುವವರು. ಹಾಡು ಚೆನ್ನಾಗಿಯೇ ಬಂತು. ಮುಂದಿನ ಸಾಲಿನಲ್ಲಿದ್ದ ಅತಿಥಿಯೊಬ್ಬರು ಚಪ್ಪಾಳೆ ತಟ್ಟಿ, "ಕಾನಡಿ ಹುಡುಗಿಯಾದರೂ ಪರವಾಗಿಲ್ಲ, ಹಾಡಿದಳು" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ "ಆದರೂ" ಎಂಬ ಮಾತು ಹುಡುಗಿಗೆ ತಾಗಿತು. ಮರುವರ್ಷ ಅವಳು ಹೆಸರು ಕೊಡಲಿಲ್ಲ. ಯಾಕಮ್ಮಾ ಎಂದು ಕೇಳಿದರೆ, "ನನಗ ಮರಾಠಿ ಛಲೋ ಬರಂಗಿಲ್ರಿ ಗುರುಜಿ" ಅಂದಳು. ನಿಜ ಹೇಳಬೇಕೆಂದರೆ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅಂದು ಅವಳಿಗೆ ಒಂದು ಹೆಸರು ಹೇಳಬೇಕಿತ್ತು, ನಮಗೆ ಹೊಳೆಯಲಿಲ್ಲ. ಗೋಹರಬಾಯಿ ಕರ್ನಾಟಕಿ. ಇವತ್ತು ಅವರ ಬಗ್ಗೆ ನಾಲ್ಕು ಮಾತು ಬರೆಯೋಣ ಎನ್ನಿಸಿದೆ.

ಗೋಹರ ಎಂದ ಕೂಡಲೇ ಕೆಲವರು ಕಲಕತ್ತೆಯ ಗಾಯಕಿ ಗೋಹರ ಜಾನ್ ಅಂದುಕೊಳ್ಳುತ್ತಾರೆ. ಇವರು ಬೇರೆ. ಇವರು ಅಂದಿನ ಬಿಜಾಪುರ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಿತರಾದ ಅಮೀರಬಾಯಿ ಕರ್ನಾಟಕಿ ಇವರ ಸಹೋದರಿ. ಮನೆಯಲ್ಲಿ ನಾಟಕ, ಸಂಗೀತ ಎರಡೂ ಇದ್ದವು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಈ ಸಹೋದರಿಯರು ಆ ಹೆಸರನ್ನು ತಮ್ಮ ಹೆಸರಿನ ಜೊತೆ ಹೊತ್ತು ಮುಂಬಯಿ, ಪುಣೆಗಳಲ್ಲಿ ತಿರುಗಿದ್ದರು.

ಗೋಹರಬಾಯಿ 1937-38ರ ಸುಮಾರಿಗೆ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು. ಆ ಹೆಜ್ಜೆ ಎಷ್ಟು ಕಷ್ಟದ್ದು ಎಂಬುದು ತಿಳಿಯಬೇಕಾದರೆ ಬಾಲಗಂಧರ್ವರು ಯಾರೆಂದು ತಿಳಿಯಬೇಕು. ನಾರಾಯಣ ಶ್ರೀಪಾದ ರಾಜಹಂಸ ಅವರ ನಿಜ ಹೆಸರು, ಹುಟ್ಟಿದ್ದು 1888ರಲ್ಲಿ. ಗಂಡಸಾಗಿದ್ದು ಹೆಣ್ಣಿನ ಪಾತ್ರ ಮಾಡಿ ಮಹಾರಾಷ್ಟ್ರವನ್ನು ಮರುಳು ಮಾಡಿದವರು. 'ಮಾನಾಪಮಾನ'ದ ಭಾಮಿನಿ, 'ಸ್ವಯಂವರ'ದ ರುಕ್ಮಿಣಿ, 'ಏಕಚ ಪ್ಯಾಲಾ'ದ ಸಿಂಧು ಎಂದರೆ ಜನರ ಕಣ್ಣಿಗೆ ಅವರೇ. ಅವರು ಸೀರೆ ಉಟ್ಟಂತೆ, ಹೂ ಮುಡಿದಂತೆ ಮನೆಯ ಹೆಣ್ಣುಮಕ್ಕಳು ಉಟ್ಟು ಮುಡಿಯುತ್ತಿದ್ದರು. ಒಂದೊಂದು ಪದಕ್ಕೆ ಎಷ್ಟೋ ಸಲ "ಒನ್ಸ್ ಮೋರ್" ಬಿದ್ದು ನಾಟಕ ರಾತ್ರಿಯೆಲ್ಲ ನಡೆಯುತ್ತಿತ್ತು. ಅಂಥವರ ಕಂಪನಿಯಲ್ಲಿ, ಅಂಥವರು ಮಾಡಿಟ್ಟ ಪಾತ್ರಗಳ ನೆನಪಿನ ಎದುರು, ಬೀಳಗಿಯ ಹೆಣ್ಣುಮಗಳೊಬ್ಬಳು ಬಣ್ಣ ಹಚ್ಚಿ ನಿಂತಳು. ಗಂಡಸನ್ನು ಹೆಣ್ಣೆಂದು ಒಪ್ಪಿಕೊಂಡ ಜನಕ್ಕೆ ಹೆಣ್ಣನ್ನೇ ಹೆಣ್ಣೆಂದು ಒಪ್ಪಿಕೊಳ್ಳುವುದು ಕಷ್ಟವಾಯಿತು ನೋಡಿ!

ಭಾಷೆಯ ಕಷ್ಟವೂ ಸಣ್ಣದಲ್ಲ. ಮರಾಠಿಯ ಚ, ಜ ಅಕ್ಷರಗಳಿಗೆ ಎರಡೆರಡು ಉಚ್ಚಾರಗಳಿವೆ. ನಾಲಗೆಯನ್ನು ಹಲ್ಲಿಗೆ ತಾಗಿಸಿ ಹೇಳುವ ಬಗೆ ಕನ್ನಡದಲ್ಲಿಲ್ಲ. ತರಗತಿಯಲ್ಲಿ ನಾವು ದಿನಾ ನೋಡುತ್ತೇವೆ, ನಮ್ಮ ಮಕ್ಕಳು ಮೊದಲು ಎಡವುವುದೇ ಅಲ್ಲಿ. ನಾಟ್ಯಸಂಗೀತದಲ್ಲಂತೂ ತಾನಿನ ನಡುವೆಯೂ ಅಕ್ಷರ ಮಸುಕಾಗಬಾರದು, ಪದದ ಅರ್ಥ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಬೇಕು. ಗೋಹರಬಾಯಿ ಹಾಡಿದ ಹಳೆಯ ತಟ್ಟೆಗಳು ಈಗ ಅಂತರ್ಜಾಲದಲ್ಲಿ ಕೇಳಲು ಸಿಗುತ್ತವೆ. ಕೇಳಿ ನೋಡಿ. ಎಲ್ಲಿಯೂ "ಕಾನಡಿ" ಸಿಗುವುದಿಲ್ಲ. ಕಣ್ಣು ಮುಚ್ಚಿದರೆ ಬಾಲಗಂಧರ್ವರೇ ಹಾಡಿದಂತೆ ಎಂದು ಆಗಿನವರು ಹೇಳುತ್ತಿದ್ದರಂತೆ. ಅದು ಹೊಗಳಿಕೆಯೂ ಹೌದು, ಬೈಗುಳವೂ ಹೌದು. ಬರೀ ಅನುಕರಣೆ ಎಂದು ಮೂಗು ಮುರಿದವರಿದ್ದರು. ಆದರೆ ಜನ ಕೇಳಲು ಬರುತ್ತಿದ್ದದ್ದೇ ಆ ದಾಟಿಯನ್ನು. ಬೇರೆ ದಾಟಿಯಲ್ಲಿ ಹಾಡಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ನಮ್ಮೂರಿನಲ್ಲಿ ಸೋಲಾಪುರದ ಗಿರಣಿಯಲ್ಲಿ ದುಡಿದು ಬಂದ ಅಜ್ಜನೊಬ್ಬರಿದ್ದರು. ಈಗ ಇಲ್ಲ. ಪ್ರಾಯದಲ್ಲಿ ಗಂಧರ್ವರ ನಾಟಕ ನೋಡಿದವರು. ನಾವು ನೌಕರಿಗೆ ಸೇರಿದ ಹೊಸತರಲ್ಲಿ ಸಂಜೆ ಅವರ ಕಟ್ಟೆಗೆ ಹೋಗಿ ಕೂಡುತ್ತಿದ್ದೆವು. ಅವರ ಬಾಯಲ್ಲಿ ಸದಾ 'ಕಾನ್ಹೋಪಾತ್ರಾ' ನಾಟಕ. ಈ ನಾಟಕ 1931ರದು. ಅದರ ಕಥೆ ನಮ್ಮ ಸೀಮೆಯದೇ. ಮಂಗಳವೇಢೆಯ ವೇಶ್ಯೆಯ ಮಗಳು ಕಾನ್ಹೋಪಾತ್ರಾ ವಿಠ್ಠಲನ ಭಕ್ತೆಯಾಗುತ್ತಾಳೆ. ಬೀದರದ ಬಾದಶಹನಿಂದ ಕರೆ ಬರುತ್ತದೆ. ಹೋಗಲೊಪ್ಪದೆ ಪಂಢರಪುರದಲ್ಲಿ ವಿಠ್ಠಲನ ಪಾದದಲ್ಲೇ ಪ್ರಾಣ ಬಿಡುತ್ತಾಳೆ. ಅಜ್ಜ ಆ ಕೊನೆಯ ಪ್ರವೇಶವನ್ನು ಹೀಗೆ ಹೇಳುತ್ತಿದ್ದರು:

"ಅಕಿ ವಿಠ್ಠಲನ ಮುಂದ ಕುಂತು ಹಾಡುವಾಗ ಕೈ ಆಡಸ್ಲಿಲ್ಲ ಮಾಸ್ತರ, ಮಾರಿ ಎತ್ತಲಿಲ್ಲ. ದನಿ ಒಂದs. ಮಂದಿ ಒನ್ಸ್ ಮೋರ್ ಅನ್ನೂದs ಮರತ್ರು. ಹೊರಗ ಬಂದ ಮ್ಯಾಲ ಯಾರೋ ಅಂದ್ರು, ಅಕಿ ಬೀಳಗಿಯಾಕಿ ಅಂತ. ನಮ್ಮಾಕಿ ಅಂತ ನನಗ ಗೊತ್ತs ಆಗಿರಲಿಲ್ಲ. ಮರದಿವಸ ಮತ್ತ ಹೋದೆ."

ಕೈ ಆಡಿಸದೆ, ಮುಖ ಎತ್ತದೆ, ಬರೀ ದನಿಯಿಂದ ಸಭೆಯನ್ನು ಹಿಡಿಯುವುದು ಅನುಕರಣೆಯಿಂದ ಬರುವುದಲ್ಲ. ನಟಿಯಾದವಳಿಗೆ ಮಾತ್ರ ಬರುವುದು. ಅಜ್ಜನ ಆ ಮಾತಿನಿಂದಲೇ ನಾವು ಗೋಹರಬಾಯಿಯ ಅಭಿಮಾನಿಗಳಾದೆವು.

ಆದರೆ ಮರಾಠಿ ರಂಗಭೂಮಿಯ ಮಾತು ಬಂದಾಗ ಅವರ ಹೆಸರು ಬರುವ ರೀತಿಯೇ ಬೇರೆ. ಗೋಹರಬಾಯಿ ಬಂದರು, ಬಾಲಗಂಧರ್ವರು ಹಾಳಾದರು ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಕಾನಡಿ ಹೆಂಗಸು, ಮುಸಲ್ಮಾನಳು, ಮೇಲಾಗಿ ನಾಟಕದವಳು. ತಪ್ಪು ಹೊರಿಸಲು ಇಷ್ಟು ಸಾಕಾಯಿತು. ನಾವು ಮಾಸ್ತರರು, ನಮಗೆ ಇಸವಿ ಬರೆದು ನೋಡುವ ಚಟ. ಬನ್ನಿ, ಹಲಗೆಯ ಮೇಲೆ ಬರೆದೇ ನೋಡೋಣ.

ಗಂಧರ್ವ ನಾಟಕ ಮಂಡಳಿ ಶುರುವಾದದ್ದು 1913ರಲ್ಲಿ. ರೇಷ್ಮೆ, ಅತ್ತರು, ಗಾಲೀಚೆ ಎಲ್ಲವೂ ಅಸಲಿಯೇ ಆಗಬೇಕು ಎಂಬ ಬಾಲಗಂಧರ್ವರ ಹಟದಿಂದ 1921ರ ಹೊತ್ತಿಗೇ ಕಂಪನಿ ದೊಡ್ಡ ಸಾಲದಲ್ಲಿತ್ತು. 1931ರಲ್ಲಿ 'ಆಲಂ ಆರಾ', 1932ರಲ್ಲಿ ಮರಾಠಿಯ 'ಅಯೋಧ್ಯೇಚಾ ರಾಜಾ' ಬಂದು ಜನ ಟಾಕೀಸಿನ ಕಡೆ ತಿರುಗಿದರು. 1933ರ 'ಆಂಧಳ್ಯಾಂಚಿ ಶಾಳಾ' ನಾಟಕದಲ್ಲಿ ಜ್ಯೋತ್ಸ್ನಾ ಭೋಳೆಯವರಂಥ ಹೆಣ್ಣುಮಕ್ಕಳೇ ಹೆಣ್ಣಿನ ಪಾತ್ರ ಮಾಡಿದರು. ಹೆಣ್ಣುವೇಷದ ಗಂಡಸಿನ ಕಾಲ ಮುಗಿಯುತ್ತ ಬಂದಿತ್ತು. 1935ರಲ್ಲಿ ಬಾಲಗಂಧರ್ವರು ತಾವೇ ರಂಗ ಬಿಟ್ಟು ಪ್ರಭಾತ್ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಗಂಡು ಪಾತ್ರ, ಸಂತ ಏಕನಾಥನ ಪಾತ್ರ, ಮಾಡಿದರು. ಆಗ ಅವರಿಗೆ ಐವತ್ತರ ಹತ್ತಿರ ವಯಸ್ಸು. ಗೋಹರಬಾಯಿ ಬಂದದ್ದು ಇಷ್ಟೆಲ್ಲ ಆದ ಮೇಲೆ. ಮನೆ ಬಿದ್ದ ಮೇಲೆ ಒಳಗೆ ಬಂದವಳೇ ಮನೆ ಬೀಳಿಸಿದಳು ಎಂದರೆ ನಮ್ಮ ನಾಲ್ಕನೆಯ ತರಗತಿಯ ಮಕ್ಕಳೂ ಒಪ್ಪಲಿಕ್ಕಿಲ್ಲ.

ಆಮೇಲೆ ಏನಾಯಿತು? ಇಬ್ಬರೂ ಮದುವೆಯಾದರು. ಕೈಯಲ್ಲಿ ಹಣವಿಲ್ಲದ, ಮುಂದೆ ಕಾಲಿನ ಶಕ್ತಿಯೂ ಹೋದ ಗಂಡನನ್ನು ಗೋಹರಬಾಯಿ ನೋಡಿಕೊಂಡರು. 1964ರಲ್ಲಿ ಅವರೇ ಮೊದಲು ತೀರಿಕೊಂಡರು. ಅದೇ ವರ್ಷ ಬಾಲಗಂಧರ್ವರಿಗೆ ಪದ್ಮಭೂಷಣ ಬಂತು. ಅವರು ಹೋದದ್ದು 1967ರಲ್ಲಿ. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರ ತೆರೆಯಿತು. ಅವರಿಗೆ ಸಲ್ಲಬೇಕಾದದ್ದೇ, ಸಲ್ಲಲಿ.

ಕನ್ನಡದವರಾದ ನಾವೇನು ಮಾಡಿದೆವು? ರಹಮತ್ ತರೀಕೆರೆಯವರು ಅಮೀರಬಾಯಿಯ ಬಗ್ಗೆ ಪುಸ್ತಕ ಬರೆದು ಈ ಮನೆತನವನ್ನು ನಮಗೆ ನೆನಪಿಸಿದರು. ಅದು ದೊಡ್ಡ ಉಪಕಾರ. ಉಳಿದಂತೆ, ಮರಾಠಿಯಲ್ಲಿ ಹಾಡಿದಳಲ್ಲ, ನಮಗೇನು ಎಂಬ ಭಾವನೆ ನಮ್ಮಲ್ಲೂ ಇದೆ. ಅವರು ಕಾನಡಿ ಎಂದು ದೂರ ಇಟ್ಟರು, ನಾವು ಮರಾಠಿಯವಳು ಎಂದು ಬಿಟ್ಟೆವು. ಗಡಿಯಲ್ಲಿರುವ ನಮಗೆ ಈ ಸಂಕಟ ಚೆನ್ನಾಗಿ ಗೊತ್ತು. 1956ರ ವರೆಗೆ ಬೀದರ ಜಿಲ್ಲೆಯಲ್ಲೇ ಇದ್ದ ನಿಲಂಗಾ, ಉದಗೀರದ ಕನ್ನಡದ ಮಕ್ಕಳಿಗೆ ಎರಡೂ ಕಡೆಯಿಂದ ಇದೇ ಮಾತು ಬೀಳುತ್ತದೆ.

ಹಾಗೆ ನೋಡಿದರೆ ಮರಾಠಿ ಸಂಗೀತ ನಾಟಕ ಮತ್ತು ಕನ್ನಡದ ನಂಟು ಇಂದಿನದಲ್ಲ. 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳ ಸಾಂಗಲಿಗೆ ಹೋಗಿ ಆಡಿದ್ದನ್ನು ನೋಡಿಯೇ ಅಲ್ಲಿನ ಸಂಸ್ಥಾನಿಕರು ವಿಷ್ಣುದಾಸ ಭಾವೆಯವರಿಂದ 1843ರಲ್ಲಿ 'ಸೀತಾ ಸ್ವಯಂವರ' ಮಾಡಿಸಿದರು. 1882ರಲ್ಲಿ 'ಸೌಭದ್ರ' ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇತ್ತ ಮರಾಠಿ ಕಂಪನಿಗಳ ಅಬ್ಬರ ನೋಡಿ ನಮಗೂ ನಾಟಕ ಬೇಕು ಎಂದು 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ಮಂಡಳಿ ಕಟ್ಟಿದವರು ಶಾಂತಕವಿಗಳು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕೊಟ್ಟು ತಂದುಕೊಂಡು ಬೆಳೆದ ಕಲೆಯಿದು. ಅದರಲ್ಲಿ ಹಾಡಲು ಕನ್ನಡದ ಹುಡುಗಿಗೆ "ಆದರೂ" ಎಂಬ ಮಾತು ಯಾಕೆ ಬೇಕು?

ಆ ಹುಡುಗಿ ಈಗ ಉದಗೀರದಲ್ಲಿ ಕಾಲೇಜು ಓದುತ್ತಾಳೆ. ದೀಪಾವಳಿ ಸುಟಿಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಮೊಬೈಲಿನಲ್ಲಿದ್ದ ಗೋಹರಬಾಯಿಯ ಹಾಡು ಕೇಳಿಸಿದೆವು. ಬಸ್ಸಿನ ಗದ್ದಲದಲ್ಲಿ ಕಿವಿಗೆ ಹಚ್ಚಿಕೊಂಡು ಪೂರ್ತಿ ಕೇಳಿದಳು. "ಇವರು ಯಾ ಊರಿನವರ್ರಿ ಗುರುಜಿ?" ಎಂದು ಕೇಳಿದಳು. ಬೀಳಗಿ ಎಂದೆವು. "ನನಗೂ ಕಳಸ್ರಿ" ಅಂದಳು. ಕಳಿಸಿದೆವು.

ಈ ಸಲದ ಗ್ಯಾದರಿಂಗ್‌ಗೆ ಅವಳನ್ನೇ ಹಾಡಲು ಕರೆಯಬೇಕೆಂದಿದ್ದೇವೆ. ಹಾಡಿನ ಮೊದಲು ಗೋಹರಬಾಯಿಯ ಬಗ್ಗೆ ಎರಡು ಮಾತು ಕನ್ನಡದಲ್ಲೂ ಮರಾಠಿಯಲ್ಲೂ ನಾವೇ ಹೇಳುತ್ತೇವೆ. ನಿಮ್ಮ ಮನೆಯಲ್ಲಿ ಅವರ ನಾಟಕ ನೋಡಿದ ಹಿರಿಯರು ಹೇಳಿಟ್ಟ ನೆನಪುಗಳಿದ್ದರೆ ದಯವಿಟ್ಟು ಬರೆದು ಕಳಿಸಿ, ನಮ್ಮ ಮಕ್ಕಳಿಗೆ ಓದಿ ಹೇಳುತ್ತೇವೆ.